ಹಿತ್ತಲಿಗೆ ಬಂದ ಕಯೋಟಿ

ಕಳೆದ ವರ್ಷ ಊರಿಂದ ಬಂದಿದ್ದ ಅಮ್ಮ ಒಂದು ರಾತ್ರಿ ಕಿಟಕಿಯ ಬಳಿ ನಿಂತು, "ಇಲ್ಲೂ ನರಿ ಕೂಗತ್ತಾ?" ಎಂದಳು. ಲಾಸ್ ಏಂಜಲೀಸ್‌ನ ಉತ್ತರಕ್ಕೆ, ಗುಡ್ಡದ ಬುಡದಲ್ಲಿ ನಮ್ಮ ಮನೆ. ಕೂಗಿದ್ದು ನರಿಯಲ್ಲ, ಕಯೋಟಿ. ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಕನ್ನಡದಲ್ಲಿ ಇದಕ್ಕೆ ಹೆಸರಿಲ್ಲ. ಅದರ ಹಿಂದಿನ ವಾರವಷ್ಟೇ ಪಕ್ಕದ ಮನೆಯ ಬೆಕ್ಕು ಕಾಣೆಯಾಗಿತ್ತು. ನಮ್ಮ ಪುಟ್ಟ ನಾಯಿ ಚಿನ್ನಿಯನ್ನು ಕತ್ತಲಾದ ಮೇಲೆ ಒಂಟಿಯಾಗಿ ಹೊರಗೆ ಬಿಡುವುದನ್ನು ನಿಲ್ಲಿಸಿದ್ದೆವು.

ಕಾಡುಪ್ರಾಣಿ ತಾನಾಗಿ ಊರಿಗೆ ನುಗ್ಗಿತು ಎಂದು ದೂರುತ್ತೇವೆ. ಕಯೋಟಿಯ ಚರಿತ್ರೆ ಅಷ್ಟು ಸರಳವಲ್ಲ. ಹೆಸರು ಮೆಕ್ಸಿಕೋದ ನಾವಾತಲ್ ಭಾಷೆಯಿಂದ ಬಂದದ್ದು. 1823ರಲ್ಲಿ ಥಾಮಸ್ ಸೇ ಇಟ್ಟ ಶಾಸ್ತ್ರೀಯ ಹೆಸರಿಗೆ 'ಬೊಗಳುವ ನಾಯಿ' ಎಂದರ್ಥ. ಆಗ ಅದರ ನೆಲೆ ಬಹುಮಟ್ಟಿಗೆ ಪಶ್ಚಿಮದ ಬಯಲು, ಮರುಭೂಮಿ. ಕುರಿ ದನಗಳನ್ನು ಉಳಿಸಲೆಂದು 1915ರಲ್ಲಿ ಅಮೆರಿಕದ ಕಾಂಗ್ರೆಸ್ ಬೇಟೆಗಾರರಿಗೆ ಹಣ ಕೊಟ್ಟಿತು. 1931ರಲ್ಲಿ ಅದಕ್ಕೊಂದು ಕಾನೂನೇ ಬಂತು. ಬಂದೂಕು, ಬೋನು, ಸ್ಟ್ರಿಕ್ನಿನ್, ಆಮೇಲೆ '1080' ಎಂಬ ವಿಷ. ತೋಳ ಸೋತಿತು, ಯೆಲ್ಲೋಸ್ಟೋನ್‌ನಲ್ಲಿ 1926ರ ಹೊತ್ತಿಗೆ ಮುಗಿದೇಹೋಯಿತು. ಕಯೋಟಿ ಮಾತ್ರ ಸೋಲಲಿಲ್ಲ. ಗುಂಪು ಒಡೆದರೆ ಹೊಸ ಜೋಡಿಗಳು ಮರಿ ಹಾಕುತ್ತಿದ್ದವು. ಅದನ್ನು ಅಟ್ಟುತ್ತಿದ್ದ ತೋಳ ಇಲ್ಲವಾದ ಮೇಲೆ ಪೂರ್ವದ ದಾರಿ ತೆರೆಯಿತು. ಸರ್ಕಾರಿ ಭೂಮಿಯಲ್ಲಿ ವಿಷವಿಡುವುದನ್ನು 1972ರಲ್ಲಿ ನಿಕ್ಸನ್ ನಿಷೇಧಿಸುವ ವೇಳೆಗೆ ಅದು ಬಹುದೂರ ಹಬ್ಬಿತ್ತು. 1999ರಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲೇ ಒಂದನ್ನು ಹಿಡಿದರು. ಈಗ ಹವಾಯಿ ಬಿಟ್ಟರೆ ಅದಿಲ್ಲದ ರಾಜ್ಯವಿಲ್ಲ.

ಹಾಗೆಂದು ಇದನ್ನು ಮುದ್ದುಮಾಡುವವರೊಡನೆ ನಾನು ಸೇರುವುದಿಲ್ಲ. 1981ರಲ್ಲಿ ನಮಗೆ ಹತ್ತಿರದ ಗ್ಲೆಂಡೇಲ್‌ನಲ್ಲಿ ಮೂರು ವರ್ಷದ ಹೆಣ್ಣುಮಗುವನ್ನು ಮನೆಯ ಮುಂದೆಯೇ ಕಯೋಟಿ ಕೊಂದಿತು. ಇಂಥ ಸಾವು ತೀರಾ ಅಪರೂಪ, ನಿಜ. ಆ ಮನೆಯವರಿಗೆ ಅಪರೂಪವೆಂಬ ಮಾತು ಯಾವ ಸಮಾಧಾನ ಕೊಟ್ಟೀತು? ಮನುಷ್ಯರ ಹತ್ತಿರ ತಿನ್ನಲು ಸಿಗುತ್ತದೆಂದು ಕಲಿತ ಕಯೋಟಿ ಹೆದರಿಕೆ ಬಿಡುತ್ತದೆ, ಅಪಾಯವಿರುವುದು ಅಲ್ಲೇ. ಆದ್ದರಿಂದ ನಾಯಿ ಬೆಕ್ಕಿನ ಊಟದ ತಟ್ಟೆ ಈಗ ನಮ್ಮಲ್ಲಿ ಒಳಗೇ. ಉದುರಿದ ಹಣ್ಣನ್ನು ಆಗಾಗ ಹೆಕ್ಕುತ್ತೇವೆ. ಬೇಲಿ ಆರಡಿ. ವಾಕಿಂಗ್ ಹೋಗುವಾಗ ಹಗ್ಗ ಗಿಡ್ಡ. ಎದುರಾದರೆ ಓಡಕೂಡದು, ಓಡಿದರೆ ಅಟ್ಟಿಸಿಕೊಂಡು ಬರುತ್ತದೆ. ಚಿಕ್ಕ ನಾಯಿಯನ್ನು ಎತ್ತಿಕೊಂಡು, ಅದನ್ನೇ ದಿಟ್ಟಿಸುತ್ತ, ಜೋರಾಗಿ ಕೂಗುತ್ತ ಹಿಂದೆ ಸರಿಯಬೇಕು. ಮರಿಗಳಿರುವ ದಿನಗಳಲ್ಲಿ ದೊಡ್ಡ ನಾಯಿಯನ್ನೂ ಬಿಡುವುದಿಲ್ಲ.

"ನಾಯಿಯನ್ನೇ ಅದರ ಮೇಲೆ ಬಿಟ್ಟರಾಯ್ತಲ್ಲ" ಎಂದಳು ಅಮ್ಮ. ಅವಳಿಗೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದ ಕಥೆ ಹೇಳಿದೆ. ಹತ್ತನೇ ಶತಮಾನದಲ್ಲಿ ಗಂಗ ಬೂತುಗನ ಕಡೆಯ ಮಣಲೆರ, ಯುದ್ಧದ ಬಹುಮಾನವಾಗಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಹಂದಿಯೊಡನೆ ಕಾದಾಡಿ ಎರಡೂ ಸತ್ತವು. ಕಾಳಿಗಾಗಿ ಕಲ್ಲು ನಿಲ್ಲಿಸಿದರು. ಅದೀಗ ಬೆಂಗಳೂರಿನ ಸಂಗ್ರಹಾಲಯದಲ್ಲಿದೆ. ಅಮ್ಮ ಚಿನ್ನಿಯನ್ನೊಮ್ಮೆ ನೋಡಿ ಸುಮ್ಮನಾದಳು.

ಕೆಲವು ದಿನಗಳ ಮೇಲೆ, ಸಂಜೆ, ಕಯೋಟಿ ಬೇಲಿಯಾಚೆಗೇ ಬಂದು ನಿಂತಿತ್ತು. ನಾನು ಚಿನ್ನಿಯನ್ನು ಎತ್ತಿಕೊಂಡೆ. ಊರ ಗದ್ದೆಯಲ್ಲಿ ಹಂದಿ ಓಡಿಸಲು ಡಬ್ಬ ಬಡಿಯುತ್ತಿದ್ದ ಅಮ್ಮ, ಒಳಗಿಂದ ತಟ್ಟೆ ಸೌಟು ತಂದು ಬಡಿದಳು. ಅದು ಎರಡು ಸಲ ತಿರುಗಿ ನೋಡಿ, ಅವಸರವಿಲ್ಲದೆ ಗುಡ್ಡ ಹತ್ತಿತು.