ರೂಟರ್‌ನಲ್ಲಿ ‘ಬ್ಯುಸಿಬಾಕ್ಸ್’ ಕಂಡರೆ ಹ್ಯಾಕ್ ಆಗಿದೆ ಎಂದರ್ಥವೇ?

ಮನೆಯ ವೈಫೈ ರೂಟರ್ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು, ‘ಅದು ಬರೀ ಸಿಗ್ನಲ್ ಕೊಡುವ ಡಬ್ಬಿ, ಅದಕ್ಕೆಲ್ಲಿ ವೈರಸ್ ಬರುತ್ತೆ’ ಎನ್ನುವುದು. ಇನ್ನೊಂದು ಇದಕ್ಕೆ ತದ್ವಿರುದ್ಧ: ‘ರೂಟರ್ ಒಳಗೆ ಬ್ಯುಸಿಬಾಕ್ಸ್ ಎಂಬ ಹೆಸರು ಕಂಡರೆ ಯಾರೋ ಹ್ಯಾಕ್ ಮಾಡಿದ್ದಾರೆ, ತಕ್ಷಣ ಸ್ವಿಚ್ ಆಫ್ ಮಾಡಿ’. ಎರಡೂ ಸರಿಯಲ್ಲ. ರೂಟರ್ ಒಂದು ಪೂರ್ತಿ ಕಂಪ್ಯೂಟರ್. ಬ್ಯುಸಿಬಾಕ್ಸ್ ಎನ್ನುವುದು ಅದರೊಳಗೆ ಕಂಪನಿಯವರೇ ಹಾಕಿ ಕಳಿಸಿದ, ಸಂಪೂರ್ಣ ಕಾನೂನುಬದ್ಧವಾದ ಒಂದು ಸಾಫ್ಟ್‌ವೇರ್. ಆದರೆ ಅದನ್ನು ಹೇಗೆ ಹೊಂದಿಸಿ ಕಳಿಸಿದ್ದಾರೆ ಎನ್ನುವುದರ ಮೇಲೆ ನಿಮ್ಮ ಮನೆಯ ಸುರಕ್ಷತೆ ಸಾಕಷ್ಟು ನಿಂತಿದೆ.

ಒಂದೇ ಫೈಲು, ನೂರಾರು ವೇಷ

ರೂಟರ್, ಸಿಸಿಟಿವಿ ಕ್ಯಾಮೆರಾ, ಸೆಟ್‌ಟಾಪ್ ಬಾಕ್ಸ್ ಇವುಗಳಲ್ಲಿ ಬಹುತೇಕ ಓಡುವುದು ಲಿನಕ್ಸ್. ಲಿನಕ್ಸ್ ಕೆಲಸ ಮಾಡಬೇಕಾದರೆ ನೂರಾರು ಸಣ್ಣ ಸಣ್ಣ ಕಮಾಂಡ್‌ಗಳು ಬೇಕು. ಫೈಲುಗಳ ಪಟ್ಟಿ ತೋರಿಸಲು ‘ಎಲ್‌ಎಸ್’, ನಕಲು ಮಾಡಲು ‘ಸಿಪಿ’, ಇಂಟರ್‌ನೆಟ್ ಇದೆಯೇ ನೋಡಲು ‘ಪಿಂಗ್’, ಹೀಗೆ. ದೊಡ್ಡ ಕಂಪ್ಯೂಟರ್‌ನಲ್ಲಿ ಇವೆಲ್ಲ ಬೇರೆ ಬೇರೆ ಫೈಲುಗಳು. ರೂಟರ್‌ನಲ್ಲಿ ಅಷ್ಟು ಜಾಗ ಎಲ್ಲಿದೆ? ಹಳೆಯ ಅಗ್ಗದ ರೂಟರ್‌ಗಳಲ್ಲಿ ಇರುತ್ತಿದ್ದ ಒಟ್ಟು ಸಂಗ್ರಹವೇ 4 ಎಂಬಿ ಅಥವಾ 8 ಎಂಬಿ. ಗ್ರೂಪಿಗೆ ಬರುವ ಒಂದು ಗುಡ್ ಮಾರ್ನಿಂಗ್ ವಿಡಿಯೊ ಅದಕ್ಕಿಂತ ದೊಡ್ಡದಿರುತ್ತದೆ.

ಬ್ಯುಸಿಬಾಕ್ಸ್ ಇದಕ್ಕೆ ಕಂಡುಕೊಂಡ ಉಪಾಯ ಸರಳ. ಎಲ್ಲ ಕಮಾಂಡ್‌ಗಳನ್ನೂ ಒಂದೇ ಫೈಲಿನಲ್ಲಿ ಸೇರಿಸಿಬಿಡುವುದು. ‘ಎಲ್‌ಎಸ್’, ‘ಸಿಪಿ’, ‘ಪಿಂಗ್’ ಎಂಬ ಹೆಸರುಗಳು ಇರುತ್ತವೆ, ಆದರೆ ಅವು ಬರೀ ಕೊಂಡಿಗಳು. ಎಲ್ಲವೂ ಬೆರಳು ತೋರಿಸುವುದು ಅದೇ ಒಂದು ಫೈಲಿನ ಕಡೆಗೆ. ತನ್ನನ್ನು ಯಾವ ಹೆಸರಿನಿಂದ ಕರೆದರು ಎಂದು ಆ ಫೈಲು ನೋಡಿಕೊಂಡು ಆ ಕೆಲಸ ಮಾಡುತ್ತದೆ. ನಾಟಕ ಕಂಪನಿಯಲ್ಲಿ ಒಬ್ಬನೇ ನಟ ರಾಜನೂ ಆಗಿ, ಮಂತ್ರಿಯೂ ಆಗಿ, ಕೊನೆಗೆ ದ್ವಾರಪಾಲಕನೂ ಆಗಿ ಬರುತ್ತಿದ್ದನಲ್ಲ, ಹಾಗೆ. ಒಳಗಿನ ಪ್ರತಿ ವೇಷಕ್ಕೆ ‘ಆಪ್ಲೆಟ್’ ಎಂದು ಹೆಸರು. ಇಂಥವು 300ಕ್ಕೂ ಹೆಚ್ಚು ಇವೆ. ಬಹುಪಾಲನ್ನು ಸೇರಿಸಿ ಕಟ್ಟಿದರೂ ಫೈಲಿನ ಗಾತ್ರ ಸುಮಾರು 1–2 ಎಂಬಿ ಅಷ್ಟೇ.

ಇದು ಹುಟ್ಟಿದ್ದು ರೂಟರ್‌ಗಾಗಿ ಅಲ್ಲ. 1995ರಲ್ಲಿ ಬ್ರೂಸ್ ಪೆರೆನ್ಸ್ ಎಂಬ ಪ್ರೋಗ್ರಾಮರ್ ಡೆಬಿಯನ್ ಲಿನಕ್ಸನ್ನು ಕಂಪ್ಯೂಟರ್‌ಗೆ ಹಾಕುವ ವ್ಯವಸ್ಥೆಯನ್ನು ಒಂದೇ ಫ್ಲಾಪಿಯಲ್ಲಿ ಹಿಡಿಸಲು ಹೊರಟರು. ಫ್ಲಾಪಿಯ ಸಾಮರ್ಥ್ಯ 1.44 ಎಂಬಿ. ಆ ಇಕ್ಕಟ್ಟೇ ಬ್ಯುಸಿಬಾಕ್ಸ್‌ನ ತವರು. ಮುಂದೆ ಎರಿಕ್ ಆಂಡರ್ಸನ್, ರಾಬ್ ಲ್ಯಾಂಡ್ಲಿ ಇದನ್ನು ಬೆಳೆಸಿದರು. 2006ರ ಕೊನೆಯಿಂದ ಡೆನಿಸ್ ವ್ಲಾಸೆಂಕೊ ನೋಡಿಕೊಳ್ಳುತ್ತಿದ್ದಾರೆ.

ಯಾವುದು ಬೇಕು, ಯಾವುದು ಬೇಡ: ತೀರ್ಮಾನ ಯಾರದ್ದು?

ಇಲ್ಲಿಂದ ವಿಷಯ ಗಂಭೀರವಾಗುತ್ತದೆ. ಬ್ಯುಸಿಬಾಕ್ಸ್ ರೆಡಿಮೇಡ್ ಬಟ್ಟೆಯಲ್ಲ, ಅಳತೆ ಕೊಟ್ಟು ಹೊಲಿಸುವ ಬಟ್ಟೆ. ರೂಟರ್ ತಯಾರಿಸುವ ಎಂಜಿನಿಯರ್ ಅದರ ಮೂಲ ಕೋಡ್ ತಂದು ‘ಮೇಕ್ ಮೆನುಕಾನ್ಫಿಗ್’ ಎಂಬ ಕಮಾಂಡ್ ಕೊಟ್ಟರೆ ಒಂದು ಉದ್ದನೆಯ ಮೆನು ತೆರೆಯುತ್ತದೆ. ಪ್ರತಿ ಆಪ್ಲೆಟ್ ಮುಂದೆ ಒಂದು ಗುರುತಿನ ಜಾಗ. ಬೇಕಾದ್ದಕ್ಕೆ ಗುರುತು, ಬೇಡದ್ದು ಖಾಲಿ. ಈಚಿನ ಆವೃತ್ತಿಗಳಲ್ಲಿ ಹೆಸರಿನ ಪಕ್ಕದಲ್ಲೇ ಅದು ಅಂದಾಜು ಎಷ್ಟು ಕೆಬಿ ತಿನ್ನುತ್ತದೆ ಎಂದೂ ಬರೆದಿರುತ್ತದೆ. ‘ವಿಐ’ ಎಂಬ ಎಡಿಟರ್‌ಗೆ ಇಪ್ಪತ್ತು ಚಿಲ್ಲರೆ ಕೆಬಿ ಬೇಕು. ಗೋಡೆಗೆ ನೇತುಹಾಕಿದ ರೂಟರ್‌ನಲ್ಲಿ ಕೂತು ಯಾರು ಬರೆಯುತ್ತಾರೆ? ತೆಗೆದುಬಿಡಬಹುದು.

ಹೊರಡುವ ಜಾಗ ಎರಡು. ‘ಮೇಕ್ ಡೆಫ್‌ಕಾನ್ಫಿಗ್’ ಎಂದರೆ ಹೆಚ್ಚೂಕಡಿಮೆ ಎಲ್ಲಕ್ಕೂ ಗುರುತು ಬಿದ್ದಿರುತ್ತದೆ, ಬೇಡದ್ದನ್ನು ನಾವು ತೆಗೆಯುತ್ತಾ ಹೋಗಬೇಕು. ‘ಮೇಕ್ ಆಲ್‌ನೋಕಾನ್ಫಿಗ್’ ಎಂದರೆ ಎಲ್ಲವೂ ಖಾಲಿ, ಬೇಕಾದ್ದನ್ನು ಒಂದೊಂದಾಗಿ ಸೇರಿಸಬೇಕು. ಎರಡನೆಯದು ಸುರಕ್ಷಿತ, ಆದರೆ ತಲೆನೋವು ಜಾಸ್ತಿ. ಸಾಧನ ಆನ್ ಆಗುವಾಗ ಓಡುವ ಸ್ಕ್ರಿಪ್ಟ್‌ಗಳು ‘ಸೆಡ್’, ‘ಗ್ರೆಪ್’ ಮೊದಲಾದವನ್ನು ಕರೆಯುತ್ತವೆ. ಒಂದನ್ನು ಸೇರಿಸಲು ಮರೆತರೂ ‘ಆಪ್ಲೆಟ್ ನಾಟ್ ಫೌಂಡ್’ ಎಂಬ ಉತ್ತರ ಬಂದು ಅರ್ಧದಲ್ಲೇ ನಿಲ್ಲಬಹುದು. ಹಾಗಾಗಿ ಅವಸರದಲ್ಲಿರುವ ಕಂಪನಿಗಳಿಗೆ ‘ಎಲ್ಲ ಇರಲಿ ಬಿಡಿ’ ಎನ್ನುವುದು ಸುಲಭದ ದಾರಿ. ನಮ್ಮ ಅಭಿಪ್ರಾಯದಲ್ಲಿ ಮನೆಮನೆಯ ತೊಂದರೆಗಳಲ್ಲಿ ಬಹುಪಾಲು ಇದೇ ಸೋಮಾರಿತನದಿಂದ ಬಂದದ್ದು.

ಹಿತ್ತಲ ಬಾಗಿಲು: ಟೆಲ್‌ನೆಟ್

ಮೆನುವಿನಲ್ಲಿ ‘ಟೆಲ್‌ನೆಟ್‌ಡಿ’ ಎಂಬ ಆಪ್ಲೆಟ್ ಇದೆ. ಇದಕ್ಕೆ ಗುರುತು ಹಾಕಿ, ಸಾಧನ ಆನ್ ಆದಾಗ ಚಾಲೂ ಆಗುವಂತೆ ಬಿಟ್ಟರೆ, ದೂರದಿಂದ ಯಾರು ಬೇಕಾದರೂ ಬಂದು ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ನೋಡಬಹುದು. ಎಂಜಿನಿಯರ್‌ಗಳಿಗೆ ಪರೀಕ್ಷೆ ಮಾಡುವಾಗ ಇದು ಅನುಕೂಲ. ಮಾರಾಟಕ್ಕೆ ಕಳಿಸುವಾಗ ತೆಗೆಯಬೇಕು. ಎಷ್ಟೋ ಕಡೆ ತೆಗೆಯಲಿಲ್ಲ. ಜತೆಗೆ ಪಾಸ್‌ವರ್ಡ್ ಕೂಡ ‘ಅಡ್ಮಿನ್’, ‘12345’ ಇಂಥವೇ.

2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಮಾಡಿದ್ದು ಇದನ್ನೇ. ಇಂಟರ್‌ನೆಟ್ ಪೂರಾ ಟೆಲ್‌ನೆಟ್ ಬಾಗಿಲು ತಟ್ಟುತ್ತಾ ಹೋಗಿ, ಕಾರ್ಖಾನೆಯಲ್ಲಿ ಇಟ್ಟ 60ಕ್ಕೂ ಹೆಚ್ಚು ಯೂಸರ್‌ನೇಮ್–ಪಾಸ್‌ವರ್ಡ್ ಜೋಡಿಗಳನ್ನು ಪ್ರಯತ್ನಿಸುತ್ತಿತ್ತು. ಒಳಗೆ ಹೋದಮೇಲೆ ತಾನು ಬಂದಿರುವುದು ನಿಜವಾದ ಸಾಧನಕ್ಕೋ ಎಂದು ತಿಳಿಯಲು ಒಂದು ಉಪಾಯ ಮಾಡುತ್ತಿತ್ತು. ಬ್ಯುಸಿಬಾಕ್ಸ್‌ಗೆ ‘ಮಿರಾಯ್’ ಎಂಬ ಇಲ್ಲದ ಆಪ್ಲೆಟ್ ಓಡಿಸು ಎಂದು ಹೇಳುವುದು. ‘ಮಿರಾಯ್: ಆಪ್ಲೆಟ್ ನಾಟ್ ಫೌಂಡ್’ ಎಂದು ಉತ್ತರ ಬಂದರೆ ಸರಿ, ಬ್ಯುಸಿಬಾಕ್ಸ್ ಇದೆ, ಕೆಲಸ ಮುಂದುವರಿಸಬಹುದು. ಬ್ಯುಸಿಬಾಕ್ಸ್ ಹೆಸರು ಹ್ಯಾಕಿಂಗ್ ಸುದ್ದಿಗಳ ಜತೆ ಸೇರಿಕೊಂಡಿದ್ದಕ್ಕೆ ಇದೂ ಒಂದು ಕಾರಣ. ಕಳ್ಳ ಮನೆಯಲ್ಲಿದ್ದ ಏಣಿಯನ್ನೇ ಬಳಸಿದ ಮಾತ್ರಕ್ಕೆ ಏಣಿ ಕಳ್ಳನದಾಗುವುದಿಲ್ಲ.

ಆಮೇಲೆ ಅದು ‘ಡಬ್ಲ್ಯೂಗೆಟ್’ ಅಥವಾ ‘ಟಿಎಫ್‌ಟಿಪಿ’ ಎಂಬ ಆಪ್ಲೆಟ್ ಬಳಸಿ ತನ್ನ ಪೂರ್ತಿ ರೂಪವನ್ನು ಇಳಿಸಿಕೊಳ್ಳುತ್ತಿತ್ತು. ಹಾಗಾದರೆ ಆ ಎರಡನ್ನು ತೆಗೆದರೆ ಸಾಕೇ? ಸಾಲದು. ಎರಡೂ ಇಲ್ಲದಿದ್ದರೆ, ಪರದೆಯ ಮೇಲೆ ಅಕ್ಷರ ಮೂಡಿಸುವ ಪಾಪದ ‘ಎಕೋ’ ಕಮಾಂಡನ್ನೇ ಬಳಸಿ ತುಣುಕು ತುಣುಕಾಗಿ ಫೈಲು ಬರೆದುಕೊಳ್ಳುತ್ತಿತ್ತು. ಬಾಗಿಲು ತೆರೆದಿಟ್ಟು ಒಳಗಿನ ಸಾಮಾನು ಬಚ್ಚಿಟ್ಟರೆ ಪ್ರಯೋಜನ ಕಡಿಮೆ. ಮುಚ್ಚಬೇಕಾದ್ದು ಟೆಲ್‌ನೆಟ್ ಬಾಗಿಲನ್ನೇ. ಹೀಗೆ ಸೇರಿಸಿಕೊಂಡ ಕ್ಯಾಮೆರಾ, ರೂಟರ್‌ಗಳ ಸೈನ್ಯ 2016ರ ಅಕ್ಟೋಬರ್ 21ರಂದು ಅಮೆರಿಕದ ಡಿನ್ ಎಂಬ ಕಂಪನಿಯ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಹಲವರಿಗೆ ಸಿಗಲಿಲ್ಲ. ಆ ಸಾಧನಗಳ ಮಾಲೀಕರಲ್ಲಿ ಬಹಳ ಜನರಿಗೆ ತಮ್ಮ ಕ್ಯಾಮೆರಾ ಇದರಲ್ಲಿತ್ತು ಎಂದು ತಿಳಿದೇ ಇರಲಿಕ್ಕಿಲ್ಲ.

ಇದು ದೂರದ ಕಥೆಯಲ್ಲ. 2017ರ ಜುಲೈನಲ್ಲಿ ಕರ್ನಾಟಕದಲ್ಲೇ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್‌ನ ಮೋಡೆಮ್‌ಗಳು ದಾಳಿಗೆ ಸಿಲುಕಿದವು. ಮೊದಲಿನಿಂದ ಬಂದ ಪಾಸ್‌ವರ್ಡ್ ಬದಲಿಸದವರು ಬದಲಿಸಿ ಎಂದು ಸಂಸ್ಥೆ ಗ್ರಾಹಕರನ್ನು ಕೇಳಿಕೊಂಡಿತು. ಅದೇ ವರ್ಷ ಕಾಣಿಸಿಕೊಂಡ ‘ಬ್ರಿಕರ್‌ಬಾಟ್’ ಇನ್ನೂ ಕ್ರೂರ. ಅದು ಬ್ಯುಸಿಬಾಕ್ಸ್ ಕಮಾಂಡ್‌ಗಳಿಂದಲೇ ಸಾಧನದ ಸಂಗ್ರಹದ ಮೇಲೆ ಕಸ ಬರೆದು, ಅದನ್ನು ಇಟ್ಟಿಗೆಯಂತೆ ನಿರುಪಯೋಗಿ ಮಾಡಿಬಿಡುತ್ತಿತ್ತು.

ಕಣ್ಣಿಗೆ ಬೀಳದ ಇನ್ನೆರಡು ಸೆಟ್ಟಿಂಗ್

ಸಾಧನ ಆನ್ ಆದಾಗ ಏನೇನು ಓಡಬೇಕು ಎಂದು ‘ಇನಿಟ್‌ಟ್ಯಾಬ್’ ಎಂಬ ಫೈಲಿನಲ್ಲಿ ಬರೆದಿಡಬೇಕು. ಅದನ್ನು ಬರೆಯದೇ ಬಿಟ್ಟರೆ ಬ್ಯುಸಿಬಾಕ್ಸ್ ತನ್ನದೇ ಪದ್ಧತಿ ಅನುಸರಿಸುತ್ತದೆ: ಕನ್ಸೋಲ್‌ನಲ್ಲಿ ‘ಎಂಟರ್ ಒತ್ತಿ’ ಎಂದು ಕೇಳಿ, ಒತ್ತಿದ ಕೂಡಲೇ ಪಾಸ್‌ವರ್ಡ್ ಇಲ್ಲದೆ ಪೂರ್ಣ ಅಧಿಕಾರ ಕೊಡುತ್ತದೆ. ಡಬ್ಬಿ ಬಿಚ್ಚಿ, ಒಳಗಿನ ಬೋರ್ಡ್‌ನ ಸೀರಿಯಲ್ ಪಿನ್‌ಗಳಿಗೆ ತಂತಿ ಜೋಡಿಸಿದವರಿಗೆ ಎಲ್ಲ ಮುಕ್ತ. ಮನೆಯೊಳಗಿನ ರೂಟರ್‌ಗೆ ಇದರಿಂದ ದೊಡ್ಡ ಭಯವಿಲ್ಲ. ರಸ್ತೆ ಬದಿಯ ಕ್ಯಾಮೆರಾಕ್ಕೆ ಇದೆ.

ಎರಡನೆಯದು ಅಧಿಕಾರದ ಪ್ರಶ್ನೆ. ಪಾಸ್‌ವರ್ಡ್ ಬದಲಿಸುವಂಥ ಕೆಲವು ಆಪ್ಲೆಟ್‌ಗಳಿಗೆ ಸಾಮಾನ್ಯ ಬಳಕೆದಾರ ಕರೆದರೂ ಮೇಲಧಿಕಾರಿಯ ಹಕ್ಕು ಬೇಕು. ಆದರೆ ಎಲ್ಲವೂ ಒಂದೇ ಫೈಲು. ಹಕ್ಕು ಕೊಟ್ಟರೆ ಎಲ್ಲ ವೇಷಗಳಿಗೂ ಕೊಟ್ಟಂತೆ! ಇದಕ್ಕೆಂದೇ ಮೆನುವಿನಲ್ಲಿ ಪ್ರತ್ಯೇಕ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಅಗತ್ಯವಿಲ್ಲದ ಆಪ್ಲೆಟ್‌ಗಳು ಕೆಲಸ ಶುರು ಮಾಡುವ ಮೊದಲೇ ಆ ಹಕ್ಕನ್ನು ಬಿಟ್ಟುಕೊಡುತ್ತವೆ.

ಬೇಡದ್ದನ್ನು ತೆಗೆದರೆ ಏನು ಲಾಭ ಎನ್ನುವುದಕ್ಕೆ 2021ರ ಒಂದು ಉದಾಹರಣೆ ಸಾಕು. ಆ ವರ್ಷ ನವೆಂಬರ್‌ನಲ್ಲಿ ಕ್ಲಾರೊಟಿ ಮತ್ತು ಜೆಫ್ರಾಗ್ ಎಂಬ ಭದ್ರತಾ ಕಂಪನಿಗಳು ಬ್ಯುಸಿಬಾಕ್ಸ್‌ನಲ್ಲಿ 14 ದೋಷ ಕಂಡುಹಿಡಿದದ್ದನ್ನು ಪ್ರಕಟಿಸಿದವು. ಅವುಗಳಲ್ಲಿ ಬಹಳಷ್ಟು ಇದ್ದದ್ದು ‘ಆಕ್’ ಎಂಬ ಒಂದೇ ಆಪ್ಲೆಟ್‌ನಲ್ಲಿ. ಆಕ್ ಇಲ್ಲದೆ ಕಟ್ಟಿದ ಸಾಧನಗಳಿಗೆ ಆ ದೋಷಗಳು ತಾಗಲೇ ಇಲ್ಲ. ಉಳಿದವರಿಗೆ 1.34.0 ಆವೃತ್ತಿಯಲ್ಲಿ ಪರಿಹಾರ ಆಗಲೇ ಸೇರಿತ್ತು. ಅದು ನಿಮ್ಮ ಮನೆ ತಲುಪಬೇಕಾದರೆ ರೂಟರ್ ಕಂಪನಿ ಫರ್ಮ್‌ವೇರ್ ಅಪ್‌ಡೇಟ್ ಕೊಡಬೇಕು, ನೀವು ಹಾಕಿಕೊಳ್ಳಬೇಕು.

ಆಫ್ ಮಾಡಿ ಆನ್ ಮಾಡಿದರೆ ವೈರಸ್ ಹೋಗುತ್ತದೆಯೇ?

ಅರ್ಧ ಸತ್ಯ. ಮಿರಾಯ್ ಕೂತಿರುತ್ತಿದ್ದುದು ರ‍್ಯಾಮ್‌ನಲ್ಲಿ, ಹಾಗಾಗಿ ಸ್ವಿಚ್ ಆಫ್ ಮಾಡಿದರೆ ಹೋಗುತ್ತಿತ್ತು. ಆದರೆ ಹಳೆಯ ಪಾಸ್‌ವರ್ಡೇ ಇದ್ದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಬಂದು ಕೂರುತ್ತಿತ್ತು. 2018ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಬಿಐ ‘ವಿಪಿಎನ್‌ಫಿಲ್ಟರ್’ ಎಂಬ ತಂತ್ರಾಂಶದ ಕಾರಣಕ್ಕೆ ರೂಟರ್ ರೀಬೂಟ್ ಮಾಡಿ ಎಂದು ಜನರನ್ನು ಕೇಳಿಕೊಂಡದ್ದು ನಿಜ. ಆದರೆ ಅದರ ಮೊದಲ ಹಂತದ ಭಾಗ ರೀಬೂಟ್ ಮಾಡಿದರೂ ಉಳಿಯುವಂಥದ್ದಾಗಿತ್ತು. ಆ ಹಳೆಯ ಸುದ್ದಿ ನೋಡಿ ‘ರಾತ್ರಿ ಆಫ್ ಮಾಡಿದರೆ ಸಾಕು’ ಎಂದು ನಂಬಿ ಕೂರಬೇಡಿ.

ಇನ್ನೊಂದು ಹೆದರಿಕೆ: ರೂಟರ್‌ನ ಲಾಗ್‌ನಲ್ಲಿ 1970ರ ದಿನಾಂಕ ಕಾಣುವುದು. ಇದು ಹ್ಯಾಕ್ ಅಲ್ಲ. ಬಹುತೇಕ ರೂಟರ್‌ಗಳಲ್ಲಿ ಕರೆಂಟ್ ಹೋದಾಗಲೂ ಓಡುವ ಬ್ಯಾಟರಿ ಗಡಿಯಾರ ಇರುವುದಿಲ್ಲ. ಆನ್ ಆದ ಕೂಡಲೇ ಲಿನಕ್ಸ್‌ನ ಕಾಲಗಣನೆ ಶುರುವಾಗುವ 1970ರ ಜನವರಿ 1ರಿಂದ ಎಣಿಸಲು ಶುರು ಮಾಡಿ, ಇಂಟರ್‌ನೆಟ್ ಸಿಕ್ಕಮೇಲೆ ‘ಎನ್‌ಟಿಪಿ’ ಮೂಲಕ ಸರಿ ಸಮಯ ಕೇಳಿಕೊಳ್ಳುತ್ತವೆ. ಈ ಕೆಲಸಕ್ಕೂ ಬ್ಯುಸಿಬಾಕ್ಸ್‌ನಲ್ಲಿ ಒಂದು ಆಪ್ಲೆಟ್ ಇದೆ.

ಮನೆಯಲ್ಲಿ ನೀವು ಮಾಡಬಹುದಾದ್ದು

ಬ್ಯುಸಿಬಾಕ್ಸನ್ನು ನೀವು ಬಿಚ್ಚಿ ಹೊಲಿಯಬೇಕಿಲ್ಲ. ರೂಟರ್‌ನ ಕೆಳಗೆ ಅಂಟಿಸಿದ ಚೀಟಿಯಲ್ಲಿ ಅದರ ವಿಳಾಸ ಇರುತ್ತದೆ, ಸಾಮಾನ್ಯವಾಗಿ 192.168.1.1 ಅಥವಾ ಅಂಥದ್ದೇ. ಮನೆಯ ವೈಫೈನಲ್ಲಿದ್ದುಕೊಂಡು ಫೋನಿನ ಬ್ರೌಸರ್‌ನಲ್ಲಿ ಅದನ್ನು ತೆರೆಯಿರಿ. ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಇದು ನೀವು ನೆಂಟರಿಗೆ ಹೇಳುವ ವೈಫೈ ಪಾಸ್‌ವರ್ಡ್ ಅಲ್ಲ, ಬೇರೆ. ಬಹಳ ಮಂದಿ ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. ನಂತರ ‘ರಿಮೋಟ್ ಮ್ಯಾನೇಜ್‌ಮೆಂಟ್’, ‘ಟೆಲ್‌ನೆಟ್’ ಎಂಬ ಆಯ್ಕೆಗಳು ಕಂಡರೆ ಆಫ್ ಮಾಡಿ. ಫರ್ಮ್‌ವೇರ್ ಅಪ್‌ಡೇಟ್ ಇದೆಯೇ ನೋಡಿ. ಸೋಂಕಿನ ಅನುಮಾನ ಇದ್ದರೆ ಫ್ಯಾಕ್ಟರಿ ರಿಸೆಟ್ ಮಾಡಬೇಕು. ಆದರೆ ಅದಕ್ಕೂ ಮೊದಲು ಇಂಟರ್‌ನೆಟ್ ಕೊಡುವವರ ಬಳಿ ಲಾಗಿನ್ ವಿವರ ಕೇಳಿ ಬರೆದಿಟ್ಟುಕೊಳ್ಳಿ, ಇಲ್ಲವಾದರೆ ಸಂಪರ್ಕವೇ ಹೋಗಿ ಕೂರಬೇಕಾದೀತು. ಫೋನು, ಕಂಪ್ಯೂಟರ್ ತಪಾಸಣೆಗೆ ಸರ್ಟ್-ಇನ್ ನಡೆಸುವ ‘ಸೈಬರ್ ಸ್ವಚ್ಛತಾ ಕೇಂದ್ರ’ದ ತಾಣದಲ್ಲಿ ಉಚಿತ ಉಪಕರಣಗಳಿವೆ, ಇದು 2017ರಲ್ಲಿ ಶುರುವಾದದ್ದು.

ಫೋನಿಗೆ ಬ್ಯುಸಿಬಾಕ್ಸ್ ಹಾಕಿದರೆ ವೇಗ ಹೆಚ್ಚುತ್ತದೆಯೇ?

ಇಲ್ಲ. ಅದು ಕಮಾಂಡ್‌ಗಳ ಗಂಟು, ವೇಗದ ಔಷಧಿಯಲ್ಲ. ಅಷ್ಟಕ್ಕೂ ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಇದರ ದಾಯಾದಿ ಈಗಾಗಲೇ ಇದೆ. ರಾಬ್ ಲ್ಯಾಂಡ್ಲಿ ಬ್ಯುಸಿಬಾಕ್ಸ್‌ನಿಂದ ಹೊರಬಂದು 2006ರಲ್ಲಿ ‘ಟಾಯ್‌ಬಾಕ್ಸ್’ ಎಂಬ ಇನ್ನೊಂದನ್ನು ಶುರು ಮಾಡಿದರು. 2015ರಲ್ಲಿ ಬಂದ ಆಂಡ್ರಾಯ್ಡ್ 6.0ರಿಂದ ಗೂಗಲ್ ಅದನ್ನೇ ಬಳಸುತ್ತಿದೆ. ಬ್ಯುಸಿಬಾಕ್ಸನ್ನೇ ಏಕೆ ತೆಗೆದುಕೊಳ್ಳಲಿಲ್ಲ ಎಂದರೆ ಮುಖ್ಯವಾಗಿ ಲೈಸೆನ್ಸ್ ಕಾರಣ. ಬ್ಯುಸಿಬಾಕ್ಸ್‌ನದು ಜಿಪಿಎಲ್, ಅದನ್ನು ಹಾಕಿ ಸಾಧನ ಮಾರುವವರು ಕೇಳಿದವರಿಗೆ ಅದರ ಮೂಲ ಕೋಡ್ ಕೊಡಬೇಕು. ಕೊಡದ ಕಂಪನಿಗಳ ಮೇಲೆ 2007ರಿಂದ ಅಮೆರಿಕದಲ್ಲಿ ಮೊಕದ್ದಮೆಗಳೂ ಆಗಿವೆ. ಟಾಯ್‌ಬಾಕ್ಸ್‌ಗೆ ಅಂಥ ಷರತ್ತಿಲ್ಲ.

ಹೊರಗಿನಿಂದ ಬ್ಯುಸಿಬಾಕ್ಸನ್ನು ಇಡೀ ಫೋನಿಗೆ ಅಳವಡಿಸಬೇಕಾದರೆ ಫೋನನ್ನು ‘ರೂಟ್’ ಮಾಡಬೇಕು. ರೂಟ್ ಮಾಡಿದರೆ ಆಂಡ್ರಾಯ್ಡ್‌ನ ಕಾವಲುಗಳು ಸಡಿಲವಾಗುತ್ತವೆ, ಹಲವು ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ಕೆಲಸ ಮಾಡಲು ಒಪ್ಪುವುದಿಲ್ಲ. ಗ್ರೂಪಿನಲ್ಲಿ ಯಾರಾದರೂ ‘ಸ್ಪೀಡ್ ಬೂಸ್ಟರ್’ ಎಂದು ಎಪಿಕೆ ಫೈಲು ಕಳಿಸಿದರೆ, ಹೆಸರು ಬ್ಯುಸಿಬಾಕ್ಸ್ ಆಗಿರಲಿ ಇನ್ನೇನೇ ಆಗಿರಲಿ, ತೆರೆಯಬೇಡಿ, ಮುಂದಕ್ಕೂ ಕಳಿಸಬೇಡಿ.