ಔಷಧದಾನದ ನಂತರದ ಹೊಣೆ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಶ್ರಾವಕರಿಗೆ ವಿಹಿತವಾದವು. ಇವುಗಳಲ್ಲಿ ಔಷಧದಾನದ ಹೊಣೆ ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆ ವಿಚಾರಾರ್ಹವಾದುದು.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿರುವ ಕಲಬುರಗಿ ಜಿಲ್ಲೆಯಲ್ಲಿಯೇ ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ ಇದೆ. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ನೃಪತುಂಗನ ಸಭೆಯಲ್ಲಿ ವೈದ್ಯರ ಸಮ್ಮುಖದಲ್ಲಿ ಮಾಂಸಸೇವನೆಯ ನಿಷ್ಫಲತೆಯನ್ನು ಪ್ರತಿಪಾದಿಸಿದರೆಂದು ಅವರ ‘ಕಲ್ಯಾಣಕಾರಕ’ದಿಂದ ತಿಳಿದುಬರುತ್ತದೆ. 1940ರಲ್ಲಿ ಸೋಲಾಪುರದಿಂದ ಹಿಂದೀ ಅನುವಾದದೊಡನೆ ಪ್ರಕಟವಾದ ಈ ಗ್ರಂಥದ ಆ ಭಾಗಕ್ಕೆ ‘ಹಿತಾಹಿತಾಧ್ಯಾಯ’ವೆಂದೇ ಹೆಸರು. ಹಿತವೆಂದು ಕೊಡುವುದನ್ನೂ ಅಹಿತದ ದೃಷ್ಟಿಯಿಂದ ಪರೀಕ್ಷಿಸಬೇಕೆಂಬ ಬೋಧೆ ಆ ಹೆಸರಿನಲ್ಲಿಯೇ ಅಡಗಿದೆ.

ಈ ಬೋಧೆಯನ್ನು ಮರೆತುದರ ಫಲವನ್ನು ಆಧುನಿಕ ವೈದ್ಯದ ಇತಿಹಾಸದಲ್ಲಿಯೂ ಕಾಣಬಹುದು. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೋಮಜೀನ್ ಎಂಬ ಔಷಧವನ್ನು ಚಿತ್ತವಿಕಲರಿಗೆ ಕೊಟ್ಟು ಅದರ ಗುಣವನ್ನು ಪ್ರಕಟಿಸಿದರು. ಆಸ್ಪತ್ರೆಗಳಲ್ಲಿ ಬಂಧಿತರಂತೆ ಬಾಳಿದ ಅನೇಕರು ಮನೆಗೆ ಮರಳಿದರು. ಆದರೆ 1957ರಲ್ಲಿ ಜರ್ಮನಿಯ ವೈದ್ಯ ಶೋನೆಕರ್ ಈ ಔಷಧ ಸೇವಿಸಿದ ಕೆಲವರ ತುಟಿ, ಬಾಯಿಗಳು ತಾವಾಗಿ ಚಲಿಸುತ್ತಿರುವುದನ್ನು ವರದಿ ಮಾಡಿದನು. 1964ರಲ್ಲಿ ಇದಕ್ಕೆ ‘ಟಾರ್ಡಿವ್ ಡಿಸ್ಕೈನೇಸಿಯಾ’, ಅಂದರೆ ತಡವಾಗಿ ತೋರುವ ವಿಕೃತ ಚಲನೆ, ಎಂಬ ಹೆಸರು ಬಂದಿತು. ಔಷಧವನ್ನು ನಿಲ್ಲಿಸಿದ ಮೇಲೂ ಇದು ಹಲವರಲ್ಲಿ ಉಳಿಯುತ್ತದೆ. ಮೊದಮೊದಲು ಕೆಲವು ವೈದ್ಯರು ಇದನ್ನು ವಾರ್ಧಕ್ಯದ ಅಥವಾ ಮೂಲವ್ಯಾಧಿಯ ಲಕ್ಷಣವೆಂದೇ ಬಗೆದರು. ಒಂದೇ ಔಷಧವನ್ನು ಸೇವಿಸಿದ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಇದು ಏಕೆ ಬರುತ್ತದೆಂಬುದು ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ.

ಇದರ ಉಪಶಮನದ ಎಳೆ ನಮ್ಮ ನಾಡಿನ ಒಂದು ಬೇರಿನವರೆಗೆ ಹೋಗುತ್ತದೆ. 1931ರಲ್ಲಿ ಸೇನ್ ಮತ್ತು ಬೋಸ್ ಎಂಬ ಭಾರತೀಯ ವೈದ್ಯರು ಸರ್ಪಗಂಧದ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ರಿಸರ್ಪಿನ್ನಿನಂತೆ ವರ್ತಿಸುವ ದ್ರವ್ಯಗಳನ್ನು ಅರಸುತ್ತಿದ್ದಾಗ 1950ರ ದಶಕದಲ್ಲಿ ಟೆಟ್ರಾಬೆನಜೀನ್ ದೊರೆಯಿತು. ಅದರ ಸಂತತಿಯಾದ ವಾಲ್ಬೆನಜೀನ್ 2017ರಲ್ಲಿ ಅಮೆರಿಕದಲ್ಲಿ ಈ ವ್ಯಾಧಿಗೆಂದೇ ಮಾನ್ಯತೆ ಪಡೆದ ಮೊದಲ ಔಷಧವಾಯಿತು. 1957ರಿಂದ ಎಣಿಸಿದರೆ ಅರವತ್ತು ವರ್ಷಗಳ ನಿರೀಕ್ಷೆ! ಅದೂ ಚಲನೆಯನ್ನು ತಗ್ಗಿಸುತ್ತದೆಯೇ ಹೊರತು ವ್ಯಾಧಿಯನ್ನು ಬೇರುಸಹಿತ ಕೀಳುವುದಿಲ್ಲ. ಕಾಯುವವರು ಇನ್ನೂ ಕಾಯುತ್ತಲೇ ಇದ್ದಾರೆ.

ಈ ನಿರೀಕ್ಷೆಯ ಕಾಲದಲ್ಲಿ ರೋಗಿಯು ನಮ್ಮ ನಡುವೆಯೇ ಬಾಳಬೇಕು. ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ಮನೋವ್ಯಥೆಯುಳ್ಳವರನ್ನು ಕರೆತರುವ ರೂಢಿ ಹಿಂದಿನಿಂದ ಬಂದಿದೆ. ತಾನಾಗಿ ಆಡುವ ಬಾಯಿಯನ್ನು ಕಂಡವರು ಅದನ್ನು ಪೀಡೆಯೆಂದು ಭ್ರಮಿಸುವುದು, ಅಣಕವೆಂದು ಕೋಪಿಸುವುದು ಅಸಂಭವವಲ್ಲ. ಔಷಧದಿಂದ ನೊಂದವನಿಗೆ ಅವಿಶ್ವಾಸವು ಎರಡನೆಯ ಪೆಟ್ಟು. ಇದಕ್ಕೆ ಹೆದರಿ ಮನೆಯವರು ಔಷಧವನ್ನು ಥಟ್ಟನೆ ನಿಲ್ಲಿಸುವುದೂ ಅಪಾಯಕರ. ಮೂಲವ್ಯಾಧಿ ಮರುಕಳಿಸಬಹುದು, ಚಲನೆಯೂ ಹೆಚ್ಚಬಹುದು. ಚಿಹ್ನೆ ತೋರಿದೊಡನೆ ಔಷಧ ಬರೆದ ವೈದ್ಯರಿಗೆ ತಿಳಿಸಿ, ಅವರ ಸಲಹೆಯಂತೆ ನಡೆಯುವುದೇ ವಿವೇಕ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಚಿಕಿತ್ಸೆಯ ತಿಳಿದ ದುಷ್ಪರಿಣಾಮಗಳನ್ನು ಅರಿಯುವ ಹಕ್ಕನ್ನು ರೋಗಿಗೆ ಕೊಟ್ಟಿದೆ. 2010ರಲ್ಲಿ ಆರಂಭವಾದ ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮಕ್ಕೆ ರೋಗಿಗಳೂ ತಮ್ಮ ತೊಂದರೆಯನ್ನು ನೇರವಾಗಿ ತಿಳಿಸಬಹುದು. ಉಚಿತ ಔಷಧ ಶಿಬಿರಗಳನ್ನು ನಡೆಸುವ ಬಸದಿಗಳ ವಿಶ್ವಸ್ತ ಮಂಡಳಿಗಳು ಈ ಮಾತನ್ನು ಜನರಿಗೆ ತಿಳಿಸಬೇಕು. ಯಾರಿಗೆ ಯಾವ ಔಷಧವನ್ನು ಕೊಟ್ಟೆವೆಂದು ಬರೆದಿಟ್ಟು, ಕೆಲವು ತಿಂಗಳ ಬಳಿಕ ಅವರ ಯೋಗಕ್ಷೇಮವನ್ನು ವಿಚಾರಿಸಬೇಕು. ಅರಿಯದೆ ಆದ ನೋವನ್ನೂ ಒಪ್ಪಿ ಆಲೋಚನೆ ಮಾಡುವುದು ನಮ್ಮ ಪರಂಪರೆಯಲ್ಲಿ ನಿತ್ಯಕರ್ಮ. ಕೊಟ್ಟ ಔಷಧ ಏನು ಮಾಡಿತೆಂದು ಕೇಳುವವರೆಗೆ ಔಷಧದಾನ ಪೂರ್ಣವಾಗದು.