ಕೊನೆಯ ಪ್ರತಿಯ ಹೊಣೆ: ಗ್ರಂಥಭಂಡಾರದಿಂದ ಸಾರ್ವಜನಿಕ ಗ್ರಂಥಾಲಯದವರೆಗೆ

ಕನ್ನಡ ಸಾಹಿತ್ಯಚರಿತ್ರೆಯನ್ನು ಅಭ್ಯಾಸ ಮಾಡುವವರಿಗೆ 'ಈ ಕೃತಿ ಉಪಲಬ್ಧವಿಲ್ಲ' ಎಂಬ ಮಾತು ಚಿರಪರಿಚಿತ. ಒಂದನೆಯ ಗುಣವರ್ಮನ 'ಶೂದ್ರಕ' ಮತ್ತು 'ಹರಿವಂಶ', ಅಸಗನ 'ಕರ್ಣಾಟಕ ಕುಮಾರಸಂಭವ', ಪೊನ್ನನ 'ಭುವನೈಕರಾಮಾಭ್ಯುದಯ', ರನ್ನನ 'ಪರಶುರಾಮಚರಿತ' ಇವೆಲ್ಲ ಇಂದು ನಮಗೆ ಹೆಸರುಗಳು ಮಾತ್ರ. ಗುಣವರ್ಮನ ಕೆಲವು ಪದ್ಯಗಳು ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನನ 'ಸೂಕ್ತಿಸುಧಾರ್ಣವ'ದಂತಹ ಸಂಕಲನಗಳಲ್ಲಿ ಸೇರಿಕೊಂಡದ್ದರಿಂದ ಉಳಿದುಕೊಂಡವು. ಕೃತಿನಾಶಕ್ಕೆ ಬೆಂಕಿ, ಗೆದ್ದಲು, ಯುದ್ಧಗಳನ್ನು ಕಾರಣವಾಗಿ ಹೇಳುವುದು ವಾಡಿಕೆ. ಅವು ನಿಜವಾದ ಕಾರಣಗಳೇ. ಆದರೆ ಇವಾವುವೂ ಇಲ್ಲದೆಯೂ ಒಂದು ಕೃತಿ ಅಳಿಯಬಹುದಿತ್ತು. ತಾಳೆಗರಿಗೆ ಆಯುಷ್ಯದ ಮಿತಿಯುಂಟು. ಗರಿ ಜೀರ್ಣವಾಗುವ ಮೊದಲು ಯಾರಾದರೂ ಅದನ್ನು ಮತ್ತೊಮ್ಮೆ ಬರೆಯಬೇಕು, ಬರೆಸಬೇಕು. ಹಾಗೆ ಬರೆಸಲು ಯಾರೂ ಮುಂದಾಗದಿದ್ದರೆ ಆ ಕೃತಿ ಸದ್ದಿಲ್ಲದೆ ಮರೆಯಾಗುತ್ತಿತ್ತು. ಯಾವುದನ್ನು ಪ್ರತಿ ಮಾಡಿಸಬೇಕು ಎಂಬ ನಿರ್ಧಾರವೇ ಆ ಕಾಲದ ಗ್ರಂಥ ಆಯ್ಕೆ. ಇಂದಿನ ಸಾರ್ವಜನಿಕ ಗ್ರಂಥಾಲಯಗಳು ಪುಸ್ತಕಗಳನ್ನು ಆಯ್ಕೆ ಮಾಡುವ, ಇಟ್ಟುಕೊಳ್ಳುವ, ಕಳೆಯುವ ಕ್ರಮವನ್ನು ಈ ಹಿನ್ನೆಲೆಯಲ್ಲಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಪೊನ್ನನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಅವನ 'ಶಾಂತಿಪುರಾಣ'ಕ್ಕೆ ಪ್ರೇರಕರಾದವರು ಮಲ್ಲಪ ಮತ್ತು ಪುನ್ನಮಯ್ಯ ಸಹೋದರರು. ಮಲ್ಲಪನ ಮಗಳು ಅತ್ತಿಮಬ್ಬೆ ಆ ಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. 993ರಲ್ಲಿ ರಚಿತವಾದ ರನ್ನನ 'ಅಜಿತಪುರಾಣ' ಅವಳ ದಾನಗುಣವನ್ನು ಕೊಂಡಾಡುತ್ತದೆ. 1007ರ ಲಕ್ಕುಂಡಿಯ ಶಾಸನವೂ ಅವಳ ಕೀರ್ತಿಗೆ ಸಾಕ್ಷಿ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಇಷ್ಟು ದೊಡ್ಡ ಪ್ರಮಾಣದ ನಿದರ್ಶನ ಬೇರೊಂದು ಸುಲಭವಾಗಿ ದೊರೆಯದು. ಅದೇ ಕವಿಯ 'ಭುವನೈಕರಾಮಾಭ್ಯುದಯ'ಕ್ಕೆ ಅಂತಹ ಭಾಗ್ಯ ಒದಗಿದ ದಾಖಲೆಯಿಲ್ಲ. ಮೊದಲನೆಯದು ಇಂದು ನಮ್ಮ ಕೈಯಲ್ಲಿದೆ, ಎರಡನೆಯದು ಇಲ್ಲ. ಸಾವಿರ ಪ್ರತಿಗಳೇ ಇದಕ್ಕೆ ಏಕೈಕ ಕಾರಣವೆಂದು ಸಾಧಿಸಲಾಗದು. ಧಾರ್ಮಿಕ ಪುರಾಣವನ್ನು ಓದುವ, ಓದಿಸುವ ಸಮುದಾಯ ಮುಂದೆಯೂ ಇತ್ತು. ಆದರೂ ಒಬ್ಬನೇ ಕವಿಯ ಎರಡು ಕೃತಿಗಳ ಈ ಭಿನ್ನ ಗತಿಯನ್ನು ಆಯ್ಕೆಯ ಇತಿಹಾಸವನ್ನು ಬರೆಯುವವರು ಕಡೆಗಣಿಸುವಂತಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ನಿದರ್ಶನ ಮೂಡಬಿದಿರೆಯದು. 'ಷಟ್ಖಂಡಾಗಮ'ಕ್ಕೆ ವೀರಸೇನಾಚಾರ್ಯರು ಬರೆದ 'ಧವಲಾ' ಟೀಕೆಯ ತಾಡಪತ್ರಗಳು, ಹಳಗನ್ನಡ ಲಿಪಿಯಲ್ಲಿ, ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದವು. ಬೇರೆಲ್ಲಿಯೂ ಉಳಿಯದ ಗ್ರಂಥ ಇಲ್ಲಿ ಉಳಿಯಿತು. ಆದರೆ ಅದು ಓದಿಗಿಂತ ಹೆಚ್ಚಾಗಿ ದರ್ಶನದ ವಸ್ತುವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ ಸಂಪುಟಗಳು ಅಚ್ಚಾಗತೊಡಗಿದ ಬಳಿಕವೇ ಅದು ವಿದ್ವಲ್ಲೋಕಕ್ಕೆ ದಕ್ಕಿತು. ಹಾಗೆಯೇ ಮೂಡಬಿದಿರೆ ಮತ್ತು ಸುತ್ತಲಿನ ಭಂಡಾರಗಳಲ್ಲಿ ಏನೇನಿದೆ ಎಂಬುದು ಹೊರಗಿನವರಿಗೆ ಸ್ಪಷ್ಟವಾಗಲು ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ತಾಡಪತ್ರ ಗ್ರಂಥಸೂಚಿ 1948ರಲ್ಲಿ ಪ್ರಕಟವಾಗಬೇಕಾಯಿತು. ಸೂಚಿಯಿಲ್ಲದ ಸಂಗ್ರಹ ಹೊರಗಿನವನ ಪಾಲಿಗೆ ಇದ್ದೂ ಇಲ್ಲದಂತೆ.

ಅತ್ತಿಮಬ್ಬೆಯದು ಹಂಚುವ ಮಾರ್ಗ. ಮೂಡಬಿದಿರೆಯದು ಕಾಪಿಡುವ ಮಾರ್ಗ. ಆಧುನಿಕ ಗ್ರಂಥಾಲಯ ವ್ಯವಸ್ಥೆ ಈ ಎರಡು ಕಾರ್ಯಗಳನ್ನೂ ಕಾನೂನಿನ ಮೂಲಕ ಬೇರೆ ಬೇರೆ ಸಂಸ್ಥೆಗಳಿಗೆ ವಹಿಸಿದೆ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ದೇಶದಲ್ಲಿ ಪ್ರಕಟವಾಗುವ ಪ್ರತಿ ಪುಸ್ತಕದ ಒಂದೊಂದು ಪ್ರತಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಗಳ ನಿಯೋಜಿತ ಗ್ರಂಥಾಲಯಗಳಿಗೂ ಸಲ್ಲಬೇಕು. ಕರ್ನಾಟಕದಲ್ಲಿ ಬೆಂಗಳೂರಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೂ ಪ್ರತಿಗಳನ್ನು ಸಲ್ಲಿಸಬೇಕಾಗುತ್ತದೆ. ಇವು ಕಾಪಿಡುವ ಸಂಸ್ಥೆಗಳು. ಜಿಲ್ಲೆ, ನಗರ, ಗ್ರಾಮಗಳ ಗ್ರಂಥಾಲಯಗಳು ಬಳಕೆಗಾಗಿ ಇರುವಂಥವು. ಮೈಸೂರು ರಾಜ್ಯವು 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯನ್ನು ಅಂಗೀಕರಿಸಿದಾಗ ಈ ಎರಡನೆಯ ಜಾಲಕ್ಕೆ ಆರ್ಥಿಕ ಆಧಾರವಾಗಿ ಗ್ರಂಥಾಲಯ ಕರವನ್ನು ಕಲ್ಪಿಸಿತು. ಈಗ ಆಸ್ತಿ ತೆರಿಗೆಯೊಡನೆ ಶೇಕಡಾ 6ರಂತೆ ವಸೂಲಾಗುವ ಈ ಕರದಿಂದ ಪುಸ್ತಕ ಕೊಳ್ಳಲಾಗುತ್ತದೆ. ತೆರಿಗೆ ತೆರುವ ಪ್ರತಿಯೊಬ್ಬನೂ ಈ ಅರ್ಥದಲ್ಲಿ ಶಾಸ್ತ್ರದಾನಿಯೇ. ಆದರೆ ತನ್ನ ಹಣದಿಂದ ಯಾವ ಪುಸ್ತಕ ಬಂತೆಂಬುದು ಅವನಿಗೆ ತಿಳಿಯುವುದು ವಿರಳ.

ಆಯ್ಕೆಯ ತತ್ತ್ವವೇನು? ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳು ಇದಕ್ಕೆ ಇಂದಿಗೂ ತಳಹದಿ. ಪುಸ್ತಕ ಇರುವುದು ಬಳಕೆಗೆಂಬುದು ಮೊದಲ ಸೂತ್ರ. ಎರಡನೆಯದು ಓದುಗನ ಕಡೆಯಿಂದ ನೋಡುತ್ತದೆ: ಪ್ರತಿಯೊಬ್ಬನಿಗೂ ಅವನಿಗೆ ಬೇಕಾದ ಪುಸ್ತಕ ಸಿಗಬೇಕು. ಮೂರನೆಯದು ಪುಸ್ತಕದ ಕಡೆಯಿಂದ ನೋಡುತ್ತದೆ: ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಬೇಡಿಕೆಯನ್ನು ಮಾತ್ರ ಅನುಸರಿಸುವ ಗ್ರಂಥಾಲಯ ಎರಡನೆಯ ಸೂತ್ರವನ್ನು ಪಾಲಿಸಿ ಮೂರನೆಯದನ್ನು ಮರೆತಂತಾಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಕ್ಕೆ ಸಾಲುಗಟ್ಟಿ ನಿಲ್ಲುವ ತರುಣರ ಅಗತ್ಯ ನ್ಯಾಯವಾದದ್ದೇ. ಆದರೆ ಯಾರೂ ಕೇಳದ ಪುಸ್ತಕವನ್ನೂ ಕೆಲವೊಮ್ಮೆ ಗ್ರಂಥಾಲಯ ಸ್ವೀಕರಿಸಬೇಕಾಗುತ್ತದೆ. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಪ್ರಾಂತದ ಪಂಡಿತರೊಬ್ಬರು ಒಂದು ಹಸ್ತಪ್ರತಿಯನ್ನು ಒಪ್ಪಿಸಿದರು. ಆ ದಿನ ಅದನ್ನು ಕೇಳಿಕೊಂಡು ಬಂದ ಓದುಗರಿರಲಿಲ್ಲ. ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ, 1905ರಿಂದ ಅದರ ಅನುವಾದ ಭಾಗಗಳನ್ನು ಹೊರತಂದು, 1909ರಲ್ಲಿ ಮೂಲವನ್ನು ಪ್ರಕಟಿಸಿದಾಗಲೇ ಕೌಟಿಲ್ಯನ 'ಅರ್ಥಶಾಸ್ತ್ರ' ಲೋಕಕ್ಕೆ ಮತ್ತೆ ದೊರೆತದ್ದು. ಆ ಕಟ್ಟು ಅಂದು ತಿರಸ್ಕೃತವಾಗಿದ್ದರೆ ಪ್ರಾಚೀನ ಭಾರತದ ರಾಜನೀತಿಯ ಚರ್ಚೆ ಬೇರೆಯೇ ಆಗಿರುತ್ತಿತ್ತು.

ನಮ್ಮ ರಾಜ್ಯದಲ್ಲಿ ಆಯ್ಕೆಯ ಬಹುಭಾಗ ನಡೆಯುವುದು ಸಗಟು ಖರೀದಿಯ ಮೂಲಕ. ಆಯಾ ವರ್ಷ ಪ್ರಕಟವಾದ ಪುಸ್ತಕಗಳನ್ನು ಲೇಖಕರು, ಪ್ರಕಾಶಕರು ಸಲ್ಲಿಸುತ್ತಾರೆ. ಆಯ್ಕೆ ಸಮಿತಿ ಪರಿಶೀಲಿಸುತ್ತದೆ. ಆಯ್ಕೆಯಾದ ಪುಸ್ತಕದ ಕೆಲವು ನೂರು ಪ್ರತಿಗಳು ಗ್ರಂಥಾಲಯಗಳಿಗೆ ಹಂಚಿಕೆಯಾಗುತ್ತವೆ. ಕನ್ನಡ ಪ್ರಕಾಶನಕ್ಕೆ ಇದರಿಂದ ಒದಗಿರುವ ಆಸರೆ ಚಿಕ್ಕದಲ್ಲ. ವಿಮರ್ಶೆ, ಸಂಶೋಧನೆ, ಕಾವ್ಯದಂತಹ ನಿಧಾನವಾಗಿ ಮಾರಾಟವಾಗುವ ಪ್ರಕಾರಗಳು ಅಚ್ಚಾಗುವುದೇ ಇದರ ಭರವಸೆಯಿಂದ. ಆದರೆ ಇದರ ಮಿತಿಯನ್ನೂ ಹೇಳಬೇಕು. ಕೇಂದ್ರದಲ್ಲಿ ಆಯ್ಕೆಯಾದ ಒಂದೇ ಪುಸ್ತಕ ಮಲೆನಾಡಿಗೂ ಬಯಲುಸೀಮೆಗೂ ಹೋಗುತ್ತದೆ. ಕರಾವಳಿಯ ಗ್ರಂಥಾಲಯಕ್ಕೆ ತುಳು, ಕೊಂಕಣಿ, ಬ್ಯಾರಿ ಪುಸ್ತಕಗಳು ಬೇಕು. ಗಡಿ ಜಿಲ್ಲೆಗಳಿಗೆ ನೆರೆಭಾಷೆಗಳ ಪುಸ್ತಕಗಳು ಬೇಕು. ಈ ಅಗತ್ಯವನ್ನು ಬಲ್ಲವನು ಆ ಊರಿನ ಗ್ರಂಥಪಾಲಕ. ಅವನ ಪಾತ್ರ ಬಂದ ಕಟ್ಟನ್ನು ಬಿಚ್ಚಿ ಪರಿಗ್ರಹಣ ಸಂಖ್ಯೆ ಹಾಕುವುದಕ್ಕೆ ಸೀಮಿತವಾದರೆ ಆಯ್ಕೆಯೆಂಬ ಕ್ರಿಯೆ ಅಪೂರ್ಣ.

ಇನ್ನು ಪುಸ್ತಕಗಳನ್ನು ಕಳೆಯುವ ವಿಚಾರ. ಗ್ರಂಥಾಲಯ ಬೆಳೆಯುವ ಜೀವಿಯೆಂಬುದು ರಂಗನಾಥನ್ ಅವರ ಐದನೆಯ ಸೂತ್ರ. ಬೆಳೆಯುವ ಜೀವಿ ಹಳೆಯ ಎಲೆಯನ್ನು ಉದುರಿಸಲೇಬೇಕು. ಹರಿದದ್ದು, ಹಳತಾದ ಕಾನೂನು ಅಥವಾ ವೈದ್ಯ ಮಾಹಿತಿಯುಳ್ಳದ್ದು, ಪರಿಷ್ಕೃತ ಮುದ್ರಣ ಬಂದಿರುವುದು, ಅಗತ್ಯಕ್ಕಿಂತ ಹೆಚ್ಚು ಪ್ರತಿಗಳಿರುವುದು ಇವುಗಳನ್ನು ತೆಗೆಯದಿದ್ದರೆ ಹೊಸದಕ್ಕೆ ಸ್ಥಳವಿಲ್ಲ. ಆದರೆ ನಮ್ಮಲ್ಲಿ ಪುಸ್ತಕವನ್ನು ಬಹುಕಾಲ ಮೇಜು ಕುರ್ಚಿಗಳಂತೆ ದಾಸ್ತಾನಾಗಿ ಎಣಿಸಲಾಯಿತು. ಕಳೆದುಹೋದ ಪ್ರತಿಗೆ ಗ್ರಂಥಪಾಲಕ ಸ್ವಂತ ಹಣದಿಂದ ತೆರಬೇಕಾಗಬಹುದೆಂಬ ಭಯ ಕಪಾಟುಗಳಿಗೆ ಬೀಗ ಹಾಕಿಸಿತು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಈ ವಿಷಯದಲ್ಲಿ ವಿವೇಕ ತೋರಿವೆ. ವರ್ಷವೊಂದರಲ್ಲಿ ಎರವಲು ಹೋದ ಅಥವಾ ಪರಾಮರ್ಶಿತವಾದ ಸಾವಿರ ಸಂಪುಟಗಳಿಗೆ ಐದರಷ್ಟು ನಷ್ಟವನ್ನು, ಅದು ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯದಿಂದ ಆದದ್ದಲ್ಲವಾದರೆ, ಸಹಜವೆಂದು ಅವು ಒಪ್ಪುತ್ತವೆ. ಆದರೆ ಅಪರೂಪದ ಪುಸ್ತಕ ಕಳೆದರೆ ಅದರ ಬೆಲೆ ಎಷ್ಟೇ ಇರಲಿ, ವಿಚಾರಣೆ ಕಡ್ಡಾಯ. ಬಳಕೆಯ ಪ್ರತಿ ಮತ್ತು ಅಪರೂಪದ ಪ್ರತಿ ಒಂದೇ ಅಲ್ಲವೆಂಬ ತಿಳಿವಳಿಕೆ ಈ ನಿಯಮದಲ್ಲಿದೆ.

ಅಪರೂಪವೆಂದು ನಿರ್ಣಯಿಸುವುದು ಹೇಗೆಂಬುದೇ ಕಷ್ಟದ ಪ್ರಶ್ನೆ. ತಾಳೆಗರಿಯನ್ನು ಕಂಡೊಡನೆ ಅದು ಅಮೂಲ್ಯವೆಂದು ಯಾರೂ ಹೇಳಬಲ್ಲರು. ಆದರೆ ಐವತ್ತು ಅರವತ್ತು ವರ್ಷಗಳ ಹಿಂದೆ ತಾಲ್ಲೂಕು ಕೇಂದ್ರವೊಂದರ ಮುದ್ರಣಾಲಯದಲ್ಲಿ ಅಚ್ಚಾದ ಸ್ಮರಣಸಂಚಿಕೆ, ಲೇಖಕರೇ ಪ್ರಕಟಿಸಿದ ಸ್ಥಳಪುರಾಣ, ಅಲ್ಪಾಯುಷಿಯಾದ ಮಾಸಪತ್ರಿಕೆಯ ಬಿಡಿ ಸಂಚಿಕೆ ಇವು ನೋಡುವವರಿಗೆ ಹಳೆಯ ಕಾಗದ ಮಾತ್ರ. ಆಮ್ಲಾಂಶವುಳ್ಳ ಅವುಗಳ ಕಾಗದ ಹಳದಿಗಟ್ಟಿ ಮುಟ್ಟಿದರೆ ಮುರಿಯುತ್ತದೆ. ಎರವಲು ಚೀಟಿಯಲ್ಲಿ ವರ್ಷಗಳಿಂದ ಮುದ್ರೆ ಬಿದ್ದಿರುವುದಿಲ್ಲ. ವಿಲೇವಾರಿಯ ಎಲ್ಲ ಲಕ್ಷಣಗಳೂ ಅವುಗಳಲ್ಲಿವೆ. ಸಲ್ಲಿಕೆ ಕಾಯ್ದೆ ಇದ್ದರೂ ಇಂತಹ ಸಣ್ಣ ಪ್ರಕಟಣೆಗಳೆಲ್ಲವೂ ರಾಜಧಾನಿಗಳ ಗ್ರಂಥಾಲಯಗಳನ್ನು ಮುಟ್ಟಿರುತ್ತವೆಂದು ನಂಬುವಂತಿಲ್ಲ. ಪ್ರಾದೇಶಿಕ ಚರಿತ್ರೆಯನ್ನು ಬರೆಯಹೊರಟ ಸಂಶೋಧಕನಿಗೆ ಅವೇ ಆಕರಗಳು.

ಆದ್ದರಿಂದ ಪುಸ್ತಕವನ್ನು ಕಳೆಯುವ ಮುನ್ನ ಅದರ ಸ್ಥಿತಿ, ಬಳಕೆಗಳ ಜೊತೆಗೆ ಇನ್ನೊಂದನ್ನು ಕೇಳಬೇಕಾಗಿದೆ: ಇದರ ಮತ್ತೊಂದು ಪ್ರತಿ ಎಲ್ಲಿದೆ? ಈ ಪ್ರಶ್ನೆಗೆ ಉತ್ತರ ದೊರೆಯುವುದು ಗ್ರಂಥಾಲಯಗಳ ಸೂಚಿಗಳು ಒಂದುಗೂಡಿದಾಗ. ಬೇರೆಡೆ ಪ್ರತಿಯಿದ್ದರೆ ಧೈರ್ಯವಾಗಿ ಕಳೆಯಬಹುದು. ಇಲ್ಲದಿದ್ದರೆ ಅದು ಬಳಕೆಯ ಕಪಾಟಿನಿಂದ ರಾಜ್ಯ ಕೇಂದ್ರ ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯದ ಸಂಗ್ರಹಕ್ಕೋ ಹೋಗಬೇಕೇ ಹೊರತು ರದ್ದಿಯ ತಕ್ಕಡಿಗಲ್ಲ. ಅಂಕೀಕರಣ ಇದಕ್ಕೆ ಸಹಾಯಕವೇ. ಅದು ನಮ್ಮ ಕಾಲದ ಪ್ರತಿಲೇಖನ. ಆದರೆ ಅಲ್ಲಿಯೂ ಮೊದಲು ಏನನ್ನು ಅಂಕೀಕರಿಸಬೇಕೆಂಬ ಆಯ್ಕೆ ತಪ್ಪಿದ್ದಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೂ ಇದರಲ್ಲಿ ಮಾಡುವ ಕೆಲಸವಿದೆ. ತಮ್ಮ ಊರಿನ ಗ್ರಂಥಾಲಯದ ಹಳೆಯ ಪರಿಗ್ರಹಣ ವಹಿಯನ್ನು ಅನುಮತಿ ಪಡೆದು ಓದಿದರೆ, ಯಾವ ಕಾಲದಲ್ಲಿ ಆ ಊರು ಏನನ್ನು ಓದಲು ಬಯಸಿತು, ಏನನ್ನು ಕಳೆದುಕೊಂಡಿತು ಎಂಬ ಚಿತ್ರ ಮೂಡುತ್ತದೆ. ಅಲ್ಲಿ ಮಾತ್ರ ಇರುವ ಪುಸ್ತಕಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ ಗ್ರಂಥಪಾಲಕರ ಕೈಗೆ ಕೊಟ್ಟರೆ ಅದು ಪ್ರಬಂಧವೊಂದಕ್ಕಿಂತ ಕಡಿಮೆಯ ಕಾರ್ಯವಲ್ಲ. ಹತ್ತನೆಯ ಶತಮಾನದ ಕೃತಿಗಳು ಅಳಿದುದಕ್ಕೆ ನಾವು ಹೊಣೆಗಾರರಲ್ಲ. ಇಪ್ಪತ್ತನೆಯ ಶತಮಾನದ ಪುಸ್ತಕವೊಂದರ ಮುಂದೆ ಮುಂದಿನ ಸಾಹಿತ್ಯಚರಿತ್ರಕಾರನು 'ಉಪಲಬ್ಧವಿಲ್ಲ' ಎಂದು ಬರೆಯಬೇಕಾಗಿ ಬಂದರೆ ಆ ಹೊಣೆ ನಮ್ಮದೇ.